ಕೋವಿ, ಶಿಕಾರಿ, ದೋಣಿ: ಮಗಳಿಗೊಂದು ಪತ್ರ

ಪ್ರೀತಿಯ ಕುಂಞಿ,

ಕಕ್ಕಡ ತಿಂಗಳ ಮಳೆಗೆ ಇಲ್ಲಿ ಟವರ್ ಸರಿಯಾಗಿ ನಿಲ್ಲುತ್ತಿಲ್ಲ. ಫೋನಿನಲ್ಲಿ ನೀನು ಕೇಳಿದ ಮೂರು ಪ್ರಶ್ನೆಗೂ ಉತ್ತರ ಅರ್ಧಕ್ಕೇ ನಿಂತಿತು. ಅಜ್ಜನ ಕೋವಿ ನಿನಗೆ ಸೇರುತ್ತದೆಯೇ, ಗಾಳ ಹಾಕುವುದೂ ಶಿಕಾರಿಯೇ ಅಲ್ಲವೇ, ಗಂಗೊಳ್ಳಿಯಲ್ಲಿ ಮಾರಾಟಕ್ಕಿರುವ ಫೈಬರ್ ದೋಣಿ ತೆಗೆದುಕೊಳ್ಳಬಹುದೇ. ನಿಧಾನವಾಗಿ ಬರೆಯುತ್ತೇನೆ, ನೀನೂ ನಿಧಾನವಾಗಿ ಓದು.

ಕೋವಿ ನಿನಗೇ. ಅದರಲ್ಲಿ ಎರಡು ಮಾತಿಲ್ಲ. ನಮ್ಮಲ್ಲಿ ಗಂಡು ಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು ಈಡು ಎಂಬ ಪದ್ಧತಿ ಇತ್ತು. ನೀನು ಹುಟ್ಟಿದ ದಿನ ನಾನು ಅಂಗಳಕ್ಕೆ ಇಳಿದು ಒಂದು ಈಡು ಹಾರಿಸಿದೆ. ಹೆಣ್ಣು ಮಗುವಿಗೆ ಯಾಕೆ ಎಂದು ಕೇಳಿದ ಹಿರಿಯರಿಗೆ, ಈ ಮನೆಯ ಕೋವಿ ಇನ್ನು ಇವಳದು ಎಂದೆ. ಆ ಮಾತು ಹಾಗೆಯೇ ಇದೆ.

ಆದರೆ ಕೊಡಗಿನವರಿಗೆ ಲೈಸೆನ್ಸ್ ಬೇಡವಂತೆ ಎಂದು ನಿನ್ನ ಮಣಿಪಾಲದ ಗೆಳೆಯರು ಹೇಳುತ್ತಾರಲ್ಲ, ಅದು ಅಷ್ಟು ಸರಳವಲ್ಲ. 1857ರ ದಂಗೆಯ ನಂತರ ಬ್ರಿಟಿಷರು ದೇಶದಲ್ಲೆಲ್ಲ ಜನರ ಆಯುಧ ಕಿತ್ತುಕೊಳ್ಳುತ್ತಿದ್ದಾಗ, 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡಗಿನವರನ್ನು ಆ ಕಾನೂನಿನಿಂದ ಹೊರಗಿಟ್ಟರು. ಸ್ವಾತಂತ್ರ್ಯದ ಮೇಲೆ ಬಂದ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿಯೂ ಕೊಡವರಿಗೆ ಮತ್ತು ಜಮ್ಮಾ ಭೂಮಿ (ವಂಶಪಾರಂಪರ್ಯವಾಗಿ ಬಂದ ಹಿಡುವಳಿ) ಇರುವವರಿಗೆ ವಿನಾಯಿತಿ ಮುಂದುವರಿಯಿತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್ ತನಕ ವಿಸ್ತರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು 2021ರಲ್ಲಿ ಹೈಕೋರ್ಟ್ ತಳ್ಳಿಹಾಕಿತು. ಇಷ್ಟಾದರೂ ವಿನಾಯಿತಿ ಪತ್ರ ಬೇಕು, ಕೋವಿಯ ನಂಬರು ದಾಖಲಾಗಿರಬೇಕು, ಮಡಿಕೇರಿಯ ಡಿ.ಸಿ. ಆಫೀಸಿಗೆ ನಾವಿಬ್ಬರೂ ಹೋಗಲೇಬೇಕು. ಕೋವಿ ಇಲ್ಲೇ ಇರಲಿ. ಬಾಡಿಗೆ ಮನೆಯಲ್ಲಿ, ನಾಲ್ಕು ಜನ ಬಂದುಹೋಗುವ ಕಡೆ, ಕೋವಿ ಇಡುವುದು ನನಗೆ ಒಪ್ಪಿಗೆಯಿಲ್ಲ.

ಇನ್ನು ಅಜ್ಜನ ಜೋಡಿ ನಳಿಕೆಯ ವಿಷಯ. ಬರ್ಮಿಂಗ್‌ಹ್ಯಾಮಿನದು ಎಂದು ನೀನು ಹೆಮ್ಮೆಯಿಂದ ಹೇಳುತ್ತೀ, ಹೆಮ್ಮೆ ಪಡುವಂಥದ್ದೇ. ನಳಿಕೆಯ ಮೇಲೆ ಸುರುಳಿ ಸುರುಳಿಯಾಗಿ ನೀರಿನ ಗೆರೆಗಳಂತೆ ಕಾಣುತ್ತದಲ್ಲ, ಅದು ಕೆತ್ತನೆಯಲ್ಲ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ತಿರುಚಿ, ಒಂದು ಸರಳಿಗೆ ಸುತ್ತಿ, ಕಾಯಿಸಿ ಬಡಿದು ಬೆಸೆದ ಗುರುತು. ಡಮಾಸ್ಕಸ್ ನಳಿಕೆ ಎನ್ನುತ್ತಾರೆ. ಅದನ್ನು ಮಾಡಿದ್ದು ಕರಿಮದ್ದಿನ ಕಾಲಕ್ಕೆ. ಈಗಿನ ತೋಟೆಯಲ್ಲಿ (ಕಾರ್ಟ್ರಿಜ್) ಇರುವುದು ಹೊಗೆಯಿಲ್ಲದ ಮದ್ದು, ಅದರ ಒತ್ತಡವೇ ಬೇರೆ. ಕರಿಮದ್ದಿನ ಮಸಿ ಎಷ್ಟೋ ವರ್ಷ ಕೂತು ಆ ಬೆಸುಗೆಗಳ ಒಳಗನ್ನು ತಿಂದಿದ್ದರೆ ಹೊರಗಿನಿಂದ ಯಾರಿಗೂ ತಿಳಿಯುವುದಿಲ್ಲ. ಹೊಗೆಯಿಲ್ಲದ ಮದ್ದನ್ನು ತಡೆಯುತ್ತದೆ ಎಂದು ಪರೀಕ್ಷಿಸಿ ಒತ್ತುವ ನೈಟ್ರೋ ಪ್ರೂಫಿನ ಮುದ್ರೆ ನಳಿಕೆಯ ಅಡಿಯಲ್ಲಿ ಇಲ್ಲ, ನಾನು ಭೂತಗನ್ನಡಿ ಹಿಡಿದು ನೋಡಿದ್ದೇನೆ.

ಇನ್ನೊಂದು ಅಪಾಯ ಕಣ್ಣಿಗೆ ಬೀಳುವುದೇ ಇಲ್ಲ. ಹಳೆಯ ಇಂಗ್ಲಿಷ್ ಕೋವಿಗಳ ತೋಟೆಮನೆ ಬಹಳಷ್ಟು ಎರಡೂವರೆ ಇಂಚಿನದು, ಅಂದರೆ ಹೆಚ್ಚುಕಡಿಮೆ 65 ಮಿ.ಮೀ. ಈಗ ಅಂಗಡಿಯಲ್ಲಿ ಸಿಗುವ ತೋಟೆ 70 ಮಿ.ಮೀ. ಬಾಯಿ ಮಡಚಿರುವುದರಿಂದ ಅದು ಸಲೀಸಾಗಿ ಒಳಗೆ ಕೂರುತ್ತದೆ, ಕೋವಿಯೂ ಮುಚ್ಚಿಕೊಳ್ಳುತ್ತದೆ. ಈಡು ಹೊಡೆದಾಗ ಆ ಮಡಿಕೆ ಬಿಚ್ಚಿಕೊಳ್ಳಲು ಜಾಗವಿಲ್ಲದೆ ನಳಿಕೆ ಕಿರಿದಾಗುವ ಕಡೆ ಸಿಕ್ಕಿಕೊಳ್ಳುತ್ತದೆ, ಒತ್ತಡ ಏರುತ್ತದೆ. ಎಡಗೈ ಹಿಡಿದಿರುವುದು ಆ ನಳಿಕೆಯ ಅಡಿಯಲ್ಲೇ. ಆದ್ದರಿಂದ ಅಜ್ಜನ ಕೋವಿಗೆ ಇನ್ನು ತೋಟೆ ತುಂಬುವುದಿಲ್ಲ. ಆಯುಧ ಪೂಜಿಸುವ ಕೈಲ್ ಪೊಳ್ದ್ ಹಬ್ಬದ ದಿನ ಕನ್ನಿ ಕೊಂಬರೆಯಲ್ಲಿ (ಪೂಜೆಯ ಕೋಣೆ) ತೋಕ್ ಪೂ (ಕೋವಿ ಹೂ) ಸಿಕ್ಕಿಸಿಕೊಂಡು ಅದು ಎಲ್ಲಕ್ಕಿಂತ ಮುಂದೆ ನಿಲ್ಲಲಿ. ತೆಂಗಿನಕಾಯಿಗೆ ಗುರಿ ಇಡಲು ನನ್ನ ಕೋವಿ ಇದೆ. ಎರಡೂ 12 ಬೋರ್. ನಳಿಕೆಯ ಅಳತೆಗೆ ಸರಿಯಾದ ಸೀಸದ ಗುಂಡು ಹನ್ನೆರಡು ಸೇರಿದರೆ ಒಂದು ಪೌಂಡ್ ತೂಗುತ್ತದೆ, ಆ ಹನ್ನೆರಡೇ ಅದರ ಲೆಕ್ಕ. ಚಿಕ್ಕಂದಿನಲ್ಲಿ ನೀನು ಇದನ್ನು ಕೇಳಿದಾಗ ನಾನು ಅಡಿಗೆಮನೆಯ ತಕ್ಕಡಿ ತಂದಿದ್ದೆ, ನೆನಪಿದೆಯೇ?

ಮಳೆಗಾಲದಲ್ಲಿ ಕೋವಿಯನ್ನು ಚರ್ಮದ ಚೀಲದಲ್ಲಿ ಇಡಬಾರದು, ಚರ್ಮ ನೀರು ಹೀರಿ ಕಬ್ಬಿಣಕ್ಕೆ ಕೊಡುತ್ತದೆ. ಹಳಬರು ತೆಂಗಿನೆಣ್ಣೆ ಸವರುತ್ತಿದ್ದರು. ಅದು ಕ್ರಮೇಣ ಹಳಸಿ ಧೂಳು ಹಿಡಿಯುತ್ತದೆ. ಗನ್ ಆಯಿಲೇ ಸರಿ.

ಈಗ ಶಿಕಾರಿ. ಐನ್‌ಮನೆಯ (ನಮ್ಮ ಕುಲದ ಮೂಲಮನೆ) ಗೋಡೆಯ ಮೇಲೆ ನರಿ ಮಂಗಲದ ಫೋಟೋ ನೋಡಿದ್ದೀ. ಕೊಡವ ಮಾತಿನಲ್ಲಿ ನರಿ ಎಂದರೆ ಹುಲಿ. ಹುಲಿ ಹೊಡೆದವನನ್ನು ಮದುಮಗನಂತೆ ಕೂರಿಸಿ, ಪಕ್ಕದಲ್ಲಿ ಹುಲಿಯನ್ನು ತೂಗುಹಾಕಿ, ಊರೆಲ್ಲ ಸೇರಿ ಗೌರವಿಸುತ್ತಿದ್ದ ಕಾಲ ಅದು. ದನ ಕಟ್ಟಿದ ಕೊಟ್ಟಿಗೆಗೆ ರಾತ್ರಿ ಹುಲಿ ನುಗ್ಗುತ್ತಿದ್ದ ಊರಿನಲ್ಲಿ ಅದಕ್ಕೆ ಅರ್ಥವಿತ್ತು. ಹಂದಿ ಬೇಟೆಗೆ ಹೋದರೆ ಹಳು ಸೋಯುವವರು (ಪೊದೆ ಬಡಿದು ಪ್ರಾಣಿಯನ್ನು ಎಬ್ಬಿಸುವವರು) ಒಂದು ಕಡೆ, ಈಡುಗಾರರು ಒಂದು ಕಡೆ. ಪಾಲು ಹಂಚುವಾಗ ನಾಯಿಗೂ ಪಾಲು. ಅಜ್ಜ ಇದನ್ನೆಲ್ಲ ಹೇಳುವಾಗ ಕಾಡಿನ ಒಂದೊಂದು ಓಣಿಯೂ ಕಣ್ಣಿಗೆ ಕಟ್ಟುತ್ತಿತ್ತು. ಅವರ ಕಾಲದ ಧೈರ್ಯವನ್ನು ನಾನು ಕಡಿಮೆ ಮಾಡಿ ಮಾತಾಡುವುದಿಲ್ಲ.

ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಆ ಅಧ್ಯಾಯ ಮುಗಿಯಿತು, ಮುಗಿದದ್ದು ಒಳ್ಳೆಯದಾಯಿತು ಎಂದೇ ನಾನು ನಂಬಿದವನು. ಹಂದಿ ನಮ್ಮ ಗದ್ದೆಗೂ ಬರುತ್ತದೆ, ಕದಿರು ತೆಗೆಯುವ ಮುಂಚೆ ಒಂದು ಮೂಲೆಯನ್ನು ನೆಲಸಮ ಮಾಡಿ ಹೋಗುತ್ತದೆ. ಹೊಟ್ಟೆ ಉರಿಯುತ್ತದೆ. ಬೆಳೆ ಹಾಳುಮಾಡುವ ಪ್ರಾಣಿಗೆ ಕಾನೂನಿನಲ್ಲೇ ಅನುಮತಿಯ ದಾರಿ ಇದೆ, ಅರಣ್ಯ ಇಲಾಖೆಗೆ ಅರ್ಜಿ ಕೊಡಬಹುದು. ಅದನ್ನು ಬಿಟ್ಟು ಬೈಕಿನ ಕ್ಲಚ್ ತಂತಿಯಲ್ಲಿ ಉರುಳು ಇಡುವವರನ್ನು ಕಂಡರೆ ನನಗೆ ಸಿಟ್ಟು ತಡೆಯಲಾಗುವುದಿಲ್ಲ. ಹಂದಿಗೆ ಇಟ್ಟ ಉರುಳಿಗೆ ಹುಲಿ ಬೀಳುತ್ತದೆ, ಚಿರತೆ ಬೀಳುತ್ತದೆ, ಸೊಂಟಕ್ಕೆ ತಂತಿ ಬಿಗಿದು ಎರಡು ದಿನ ನರಳಿ ಸಾಯುತ್ತದೆ. ಈಡುಗಾರ ಎಂದು ಹೇಳಿಕೊಳ್ಳುವವನು ಮಾಡುವ ಕೆಲಸವೇ ಅದು? ರಾತ್ರಿ ಟಾರ್ಚ್ ಕಟ್ಟಿಕೊಂಡು ಕದ್ದು ಹೋಗುವವರದೂ ಅದೇ ಕಥೆ. ಪೊದೆ ಅಲುಗಿತು ಎಂದು ಈಡು ಬಿಟ್ಟು ಜೊತೆಗೆ ಬಂದವನನ್ನೇ ಕೊಂದ ಸುದ್ದಿ ನಮ್ಮ ಜಿಲ್ಲೆಗೆ ಹೊಸದಲ್ಲ. ಯಾರಾದರೂ, ಎಷ್ಟೇ ಹತ್ತಿರದವರಾದರೂ, ಒಂದು ರಾತ್ರಿಗೆ ಕೋವಿ ಕೊಡು ಎಂದರೆ ಕೊಡಬೇಡ. ನೆಂಟಸ್ತನ ಹೋದರೆ ಹೋಗಲಿ. ಮದುವೆ ಮನೆಯಲ್ಲಿ ಕುಡಿದು ಗಾಳಿಗೆ ಈಡು ಬಿಡುವವರ ಹತ್ತಿರವೂ ನಿಲ್ಲಬೇಡ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಅಂಥ ಬೇಜವಾಬ್ದಾರಿ ಈಡಿಗೆ ಎರಡು ವರ್ಷದ ತನಕ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿ ತನಕ ದಂಡ, ಇಲ್ಲವೇ ಎರಡೂ ಇದೆ.

ಗಾಳವೂ ಶಿಕಾರಿಯೇ ಎಂದೆಯಲ್ಲ. ಹೌದು, ಶಿಕಾರಿಯೇ. ಕಾದು ಕೂರುವುದು, ನೀರು ಓದುವುದು, ಪ್ರಾಣಿಯ ಹೊಟ್ಟೆಯ ಹಸಿವನ್ನು ಲೆಕ್ಕ ಹಾಕುವುದು ಎಲ್ಲ ಒಂದೇ. ವ್ಯತ್ಯಾಸ ಇಷ್ಟೇ: ಈಡು ಹೊಡೆದ ಮೇಲೆ ಬಿಟ್ಟುಬಿಡುವ ಅವಕಾಶವಿಲ್ಲ, ಗಾಳದಲ್ಲಿ ಇದೆ. ಆ ಅವಕಾಶ ಇರುವುದರಿಂದಲೇ ನನಗೆ ವಾಲ್ನೂರಿನ ಹೊಳೆದಡ ಕಾಡಿಗಿಂತ ಹೆಚ್ಚು ಹಿಡಿಸಿದ್ದು. ನಮ್ಮ ಕಾವೇರಿಯ ಮಹಸೀರ್ ಪ್ರಪಂಚದ ದೊಡ್ಡ ಸಿಹಿನೀರು ಮೀನುಗಳಲ್ಲಿ ಒಂದು. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್ ತೂಗಿತು, ಅಂದರೆ ಹೆಚ್ಚುಕಡಿಮೆ 54 ಕಿಲೋ. ಆ ಗೂನುಬೆನ್ನಿನ ಮಹಸೀರಿಗೆ ಸರಿಯಾದ ವೈಜ್ಞಾನಿಕ ಹೆಸರು ನಿಶ್ಚಯವಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿದೆ ಎಂಬ ಪಟ್ಟಿಗೂ ಸೇರಿತು. ಇಷ್ಟು ಕಾಲ ಹೆಸರೂ ಗೊತ್ತಿಲ್ಲದೆ ನಾವು ಅದನ್ನು ಹಿಡಿದೆವು, ಸಿಡಿಮದ್ದು ಹಾಕಿ ಮರಿಗಳ ಸಮೇತ ಕೊಂದೆವು. ನನಗೆ ಇದು ಸಣ್ಣ ಸಂಗತಿಯಲ್ಲ.

ಕಡಲಿನಲ್ಲೂ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ನೀನು ಕಲಿಯಬೇಕು. ಹೊಳೆ ಕಡಲು ಸೇರುವ ಅಳಿವೆಯಲ್ಲಿ ನಿನಗೆ ಸಿಗುವ ಸೀಬಾಸ್ ಮೊದಲು ಗಂಡಾಗಿ ಬೆಳೆದು, ದೊಡ್ಡದಾದ ಮೇಲೆ ಹೆಣ್ಣಾಗುವ ಮೀನು. ಫೋಟೋಗೆ ಎಲ್ಲರೂ ಎತ್ತಿ ಹಿಡಿಯುವ ಆ ದೊಡ್ಡ ಮೀನುಗಳೇ ಮೊಟ್ಟೆ ಇಡುವ ತಾಯಂದಿರು. ಬಂಡೆ ಸಂದಿಯ ಮುರು (ಗ್ರೂಪರ್) ಮೀನಿನದು ಇದಕ್ಕೆ ತಿರುಗಾಮುರುಗಾ, ಹೆಣ್ಣು ಬೆಳೆದು ಗಂಡಾಗುತ್ತದೆ. ಆದ್ದರಿಂದ ನಡುವಿನ ಅಳತೆಯದೊಂದನ್ನು ಸಾರಿಗೆ ಇಟ್ಟುಕೊಂಡು ದೊಡ್ಡದನ್ನು ಬಿಡು. ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೋ, ಒಣಗೈ ಅದರ ಮೈಮೇಲಿನ ಲೋಳೆ ಕಿತ್ತುಬಿಡುತ್ತದೆ. ಕಿವಿರಿಗೆ ಬೆರಳು ಹಾಕಿ ಎತ್ತಬೇಡ.

ದೋಣಿ ತೆಗೆದುಕೋ. ನಿನ್ನ ಅವ್ವನಿಗೆ ಮನಸ್ಸಿಲ್ಲ, ನನಗಿದೆ. ಆದರೆ ದೋಣಿಗಿಂತ ಮೊದಲು ಅಳಿವೆ ನೋಡು. ಗಂಗೊಳ್ಳಿಯಲ್ಲಿ ಐದು ಹೊಳೆಗಳ ನೀರು ಸೇರಿ ಕಡಲಿಗೆ ನುಗ್ಗುತ್ತದೆ. ಇಳಿತದ ಹೊತ್ತಿನಲ್ಲಿ ಹೊರಗೆ ಹರಿಯುವ ನೀರಿಗೆ ಒಳಗೆ ಬರುವ ಅಲೆ ಎದುರಾದರೆ ಅಲೆ ಗಿಡ್ಡವಾಗಿ, ಕಡಿದಾಗಿ ಎದ್ದು ನಿಂತು ಮುರಿಯುತ್ತದೆ. ಸಣ್ಣ ದೋಣಿಗಳು ಮಗುಚುವುದು ಆಳ ಕಡಲಿನಲ್ಲಿ ಅಲ್ಲ, ಇಂಥ ಬಾಗಿಲಿನಲ್ಲೇ. ಮಳೆಗಾಲ ಕಳೆದಾಗ ಮರಳು ದಿಬ್ಬ ಜಾಗ ಬದಲಿಸಿರುತ್ತದೆ, ಹೋದ ವರ್ಷದ ದಾರಿ ಈ ವರ್ಷ ಇರುವುದಿಲ್ಲ. ನಾಡದೋಣಿಯ ಹಿರಿಯರ ಜೊತೆ ಒಂದು ಪೂರ್ತಿ ಸೀಸನ್ ಹೋಗಿ ಬಾ. ಅವರನ್ನು ಅಣ್ಣ, ಅಜ್ಜ ಎಂದು ಕರೆದು, ಕೆಲಸಕ್ಕೆ ಕೈಜೋಡಿಸಿ ಕಲಿ. ನೀನು ಹವ್ಯಾಸಕ್ಕೆ ಹೋಗುವವಳು, ಅವರು ಹೊಟ್ಟೆಪಾಡಿಗೆ ಹೋಗುವವರು. ಅವರ ಬಲೆಯ ಹತ್ತಿರ ನಿನ್ನ ದೋಣಿ ಸುಳಿಯಬಾರದು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ನಿಷೇಧ. ಆ ಎರಡು ತಿಂಗಳು ನಿನ್ನದನ್ನೂ ದಡಕ್ಕೆ ಎಳೆದಿಡು, ಮೀನಿಗೆ ಅದು ಮರಿ ಮಾಡುವ ಕಾಲ.

ದೋಣಿಯ ಬಣ್ಣ ನೋಡಿ ಮರುಳಾಗಬೇಡ. ಹಳೆಯ ಫೈಬರ್ ದೋಣಿಯಲ್ಲಿ ಮೊದಲು ನೋಡಬೇಕಾದ್ದು ಎಂಜಿನ್ ತೂಗುಹಾಕುವ ಹಿಂಬದಿಯ ಹಲಗೆ. ಬಹಳಷ್ಟರಲ್ಲಿ ಫೈಬರಿನ ಒಳಗೆ ಪ್ಲೈವುಡ್ ಇರುತ್ತದೆ. ಬೋಲ್ಟ್ ತೂತಿನಿಂದ ನೀರು ಇಳಿದು ಒಳಗೇ ಕೊಳೆತಿದ್ದರೂ ಹೊರಗೆ ಹೊಳೆಯುತ್ತಿರುತ್ತದೆ. ಸ್ಕ್ರೂಡ್ರೈವರಿನ ಹಿಡಿಯಿಂದ ಉದ್ದಕ್ಕೂ ತಟ್ಟುತ್ತ ಹೋಗು. ಗಟ್ಟಿ ಕಡೆ ಟಣ್ ಎನ್ನುತ್ತದೆ, ಕೊಳೆತ ಕಡೆ ಸದ್ದು ಮಂದವಾಗುತ್ತದೆ. ಎಂಜಿನನ್ನು ಎತ್ತಿಹಿಡಿದು ಬಲವಾಗಿ ಅಲ್ಲಾಡಿಸಿದಾಗ ಹಲಗೆ ಬಾಗಿದರೆ ಅಲ್ಲಿಂದಲೇ ಎದ್ದು ಬಾ, ಬೆಲೆ ಎಷ್ಟೇ ಇಳಿಸಲಿ. ಅಡಿಭಾಗದಲ್ಲಿ ಬೊಬ್ಬೆ ಎದ್ದಿದೆಯೇ, ಮೂಲೆಗಳಲ್ಲಿ ಜೇಡನ ಬಲೆಯಂಥ ಬಿರುಕು ಇದೆಯೇ ನೋಡು. ಈಚೆಗೆ ಬಣ್ಣ ಬಳಿದಿದ್ದರೆ ಯಾಕೆ ಬಳಿದರು ಎಂದು ಕೇಳು.

ಎಂಜಿನ್ ಟೂ ಸ್ಟ್ರೋಕೋ ಫೋರ್ ಸ್ಟ್ರೋಕೋ ಎಂದೂ ನೀನು ಕೇಳಿದ್ದೆ. ಟೂ ಸ್ಟ್ರೋಕ್ ಹಗುರ, ಯಾವ ಬಂದರಿನಲ್ಲೂ ರಿಪೇರಿ ಮಾಡುವವರು ಸಿಗುತ್ತಾರೆ, ಆದರೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಆಯಿಲ್ ಬೆರೆಸಬೇಕು. ಫೋರ್ ಸ್ಟ್ರೋಕ್ ಭಾರ, ಸದ್ದು ಕಡಿಮೆ, ನಿಧಾನವಾಗಿ ಓಡಿಸಿ ಗಾಳ ಎಳೆಯಲು ಚೆನ್ನ. ನಿನ್ನ ಕೆಲಸಕ್ಕೆ ನಾನು ಫೋರ್ ಸ್ಟ್ರೋಕೇ ಹೇಳುತ್ತೇನೆ. ಯಾವುದಾದರೂ ಕೆಳಗಿನ ಗೇರ್ ಆಯಿಲ್ ಸ್ವಲ್ಪ ಬಿಚ್ಚಿ ನೋಡು. ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಸೀಲಿನೊಳಗೆ ನೀರು ಹೋಗಿದೆ. ಓಡುವಾಗ ಪಕ್ಕದಿಂದ ನೀರಿನ ಸಣ್ಣ ಧಾರೆ ಬಿಡದೆ ಚಿಮ್ಮಬೇಕು, ಅದು ನಿಂತರೆ ಎಂಜಿನ್ ಬಿಸಿಯೇರುತ್ತಿದೆ ಎಂದರ್ಥ. ಕಡಲಿನಿಂದ ಬಂದ ಪ್ರತಿ ಸಲವೂ ಸಿಹಿನೀರು ಹರಿಸಿ ತೊಳೆಯಬೇಕು, ಎಷ್ಟೇ ಸುಸ್ತಾಗಿರಲಿ. ಕೋವಿ ಒರೆಸದೆ ಮಲಗಬಾರದು ಎಂದು ಅಜ್ಜ ಹೇಳುತ್ತಿದ್ದ ನಿಯಮ ಇಲ್ಲಿಗೂ ಸಲ್ಲುತ್ತದೆ.

ಬೆಳಗಿನ ಜಾವ ಹೊರಟು, ಕಡಲ ಗಾಳಿ ಏಳುವ ಮೊದಲೇ ತಿರುಗಿ ಬಾ. ಪೆಟ್ರೋಲ್ ಮೂರು ಪಾಲು ಮಾಡಿಕೋ: ಹೋಗಲು ಒಂದು, ಬರಲು ಒಂದು, ಇನ್ನೊಂದನ್ನು ಮುಟ್ಟಬಾರದು. ಲೈಫ್ ಜಾಕೆಟ್ ಮೈಮೇಲೆ ಇರಬೇಕು, ಸೀಟಿನ ಕೆಳಗಲ್ಲ. ಎಂಜಿನ್ ನಿಲ್ಲಿಸುವ ಕೆಂಪು ಹಗ್ಗ ಕೈಗೆ ಕಟ್ಟಿರಲಿ. ಕರಾವಳಿ ಕಾವಲು ಪಡೆಯ 1554 ನಂಬರು ದೋಣಿಯ ಮೇಲೇ ಬರೆಸು. ಇನ್‌ಕಾಯಿಸ್‌ನವರು (ಕೇಂದ್ರ ಸರ್ಕಾರದ ಸಾಗರ ಮಾಹಿತಿ ಕೇಂದ್ರ) ದಿನವೂ ಅಲೆಯ ಎತ್ತರದ ಮುನ್ಸೂಚನೆ ಕೊಡುತ್ತಾರೆ, ಅದನ್ನು ನೋಡದೆ ಹಗ್ಗ ಬಿಚ್ಚಬೇಡ.

ಮುಂಗಡ ಇನ್ನೂ ಕೊಡಬೇಡ. ದೋಣಿಯ ನೋಂದಣಿ ಕಾಗದ, ಎಂಜಿನ್ ನಂಬರು, ಮಾರುವವರ ಹೆಸರು ಮೂರೂ ತಾಳೆಯಾಗುತ್ತದೆಯೇ ಎಂದು ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸು. ಕೈಲ್ ಪೊಳ್ದ್ ಸೆಪ್ಟೆಂಬರ್ 3ಕ್ಕೆ, ಅದಕ್ಕೆ ನೀನು ಬರಲೇಬೇಕು. ಹಬ್ಬ ಮುಗಿಸಿ ನಿನ್ನ ಜೊತೆಗೇ ನಾನು ಗಂಗೊಳ್ಳಿಗೆ ಬರುತ್ತೇನೆ. ನಾವು ಬರುವ ತನಕ ಎಂಜಿನ್ ಸ್ಟಾರ್ಟ್ ಮಾಡಬೇಡಿ ಎಂದು ಮಾರುವವರಿಗೆ ಹೇಳಿಡು. ಒಮ್ಮೆ ಬಿಸಿಯಾದ ಎಂಜಿನ್ ಯಾರ ಕೈಯಲ್ಲಾದರೂ ಒಂದೇ ಎಳೆತಕ್ಕೆ ಹತ್ತಿಕೊಳ್ಳುತ್ತದೆ. ತಣ್ಣಗಿರುವಾಗ ಹೇಗೆ ಹತ್ತುತ್ತದೆ ಎಂಬುದನ್ನು ನಾನು ನೋಡಬೇಕು.

ನಿನ್ನ
ಅಪ್ಪ