ಪಟ್ಟಿಯಲ್ಲಿ ಬಂದ ಮಾತ್ರಕ್ಕೆ ನಿಜವೇ?

ಸಂಪಾದಕರಿಗೆ ನಮಸ್ಕಾರ.

ದಾವಣಗೆರೆಯಲ್ಲಿ ನಮ್ಮದೊಂದು ಮಂಡಕ್ಕಿ ಭಟ್ಟಿ ಇದೆ. ಅಪ್ಪನ ಕಾಲದ್ದು. ಹೋದ ತಿಂಗಳು ಹೊಳಲ್ಕೆರೆ ಕಡೆಯ ಹಳೇ ಗಿರಾಕಿಯೊಬ್ಬರು ಚೀಲ ಕಟ್ಟಿಸುತ್ತಾ ಮೊಬೈಲ್ ತೋರಿಸಿದರು. ಹುಡುಕುವ ಜಾಗದಲ್ಲಿ ‘ಮಂಡಕ್ಕಿ’ ಅಂತ ಟೈಪ್ ಮಾಡಿದರೆ ಕೆಳಗೆ ಬೀಳುವ ಪಟ್ಟಿಯಲ್ಲಿ ‘ಮಂಡಕ್ಕಿ ಯೂರಿಯಾ’ ಎಂದಿತ್ತು. ಮಂಡಕ್ಕಿಗೆ ಯೂರಿಯಾ ಗೊಬ್ಬರ ಬೆರೆಸುತ್ತಾರೇನೋ ಎಂಬ ಅನುಮಾನ ಅವರದ್ದು. “ಸುಮ್ನೆ ಬರುತ್ತಾ ಅಣ್ಣಾ ಇದು?” ಎಂದು ಕೇಳಿದರು. ಹತ್ತು ಚೀಲ ಒಯ್ಯುವವರು ಅವತ್ತು ನಾಲ್ಕೇ ಒಯ್ದರು. ನಾವು ಹಾಕುವುದು ಉಪ್ಪು ಮಾತ್ರ. ಯಾರು ಬೇಕಾದರೂ, ಯಾವತ್ತು ಬೇಕಾದರೂ ಬಂದು ನೋಡಬಹುದು.

ಆ ರಾತ್ರಿ ನಿದ್ದೆ ಬರಲಿಲ್ಲ. ಕಂಪ್ಯೂಟರ್ ಓದುತ್ತಿರುವ ಮಗಳನ್ನು ಕೂರಿಸಿಕೊಂಡು ಕೇಳಿದೆ. ಆ ಪಟ್ಟಿಯನ್ನು ಯಾರೂ ಕೂತು ಬರೆಯುವುದಿಲ್ಲವಂತೆ. ನಾವು ಒತ್ತಿದ ಅಕ್ಷರಗಳಿಗೆ ಹೊಂದುವ ಯಾವ ಯಾವ ಮಾತುಗಳನ್ನು ಜನ ಈ ಮೊದಲು ಹುಡುಕಿದ್ದಾರೋ ಹೆಚ್ಚಾಗಿ ಅವುಗಳಿಂದಲೇ ಅದು ತಯಾರಾಗುತ್ತದೆ. ಜಾಸ್ತಿ ಜನ ಹುಡುಕಿದ್ದು ಸಾಮಾನ್ಯವಾಗಿ ಮೇಲೆ ಬರುತ್ತದೆ. ಈಗಷ್ಟೇ ಎಲ್ಲರ ಬಾಯಲ್ಲಿರುವ ವಿಷಯಕ್ಕೂ ಜಾಗ ಸಿಗುತ್ತದೆ. ನಮ್ಮ ಭಾಷೆ, ನಾವಿರುವ ಊರು, ನಾವೇ ಹಿಂದೆ ಹುಡುಕಿದ್ದು ಕೂಡ ಲೆಕ್ಕಕ್ಕೆ ಬರುತ್ತವೆ. ಹಾಗಾಗಿ ನನ್ನ ಫೋನಿನ ಪಟ್ಟಿಯೇ ನಿಮ್ಮ ಫೋನಿನಲ್ಲೂ ಕಾಣಬೇಕೆಂದಿಲ್ಲ. ಗೂಗಲ್ 2004ರಲ್ಲಿ ಇದನ್ನು ಶುರು ಮಾಡಿತು. ಇದರಿಂದ ಟೈಪ್ ಮಾಡುವ ಕೆಲಸ ಸುಮಾರು ಶೇ 25ರಷ್ಟು ಕಡಿಮೆಯಾಗುತ್ತದೆ ಎಂದು ಆ ಕಂಪನಿಯೇ ಹೇಳಿದೆ. ಬೆರಳಿನ ಶ್ರಮ ಉಳಿಸಲು ಬಂದದ್ದನ್ನು ನಾವು ತೀರ್ಪು ಎಂದು ಓದುತ್ತಿದ್ದೇವೆ.

ಮಗಳು ಹೇಳಿದ ಇನ್ನೊಂದು ಮಾತು ನನ್ನ ಮನಸ್ಸಿನಿಂದ ಹೋಗುತ್ತಲೇ ಇಲ್ಲ. ವಾಟ್ಸಾಪಿನಲ್ಲಿ ಒಂದು ವಿಡಿಯೊ ಬಂತು ಅಂದುಕೊಳ್ಳಿ. ಅದನ್ನು ನಂಬಿದವರು ಹುಡುಕುತ್ತಾರೆ. ಸುಳ್ಳಿರಬಹುದು, ನೋಡೋಣ ಎಂದವರೂ ಅದೇ ಎರಡು ಪದ ಟೈಪ್ ಮಾಡುತ್ತಾರೆ. ಎಣಿಸುವ ಯಂತ್ರಕ್ಕೆ ಇಬ್ಬರೂ ಒಂದೇ. ಗಾಬರಿಯಲ್ಲಿ ನಾನೂ ನನ್ನ ತಮ್ಮನೂ ಒಂದು ವಾರ ದಿನಾ ಹುಡುಕಿದೆವು. ನಮ್ಮ ಹುಡುಕಾಟವೂ ಆ ಲೆಕ್ಕಕ್ಕೇ ಸೇರಿರಬೇಕು, ಅಲ್ವಾ?

2021ರ ಜೂನ್‌ನಲ್ಲಿ ಗೂಗಲ್ ಕನ್ನಡದ ಬಗ್ಗೆ ಕೆಟ್ಟ ಉತ್ತರವೊಂದನ್ನು ತೋರಿಸಿದ್ದು ಓದುಗರಿಗೆ ನೆನಪಿರಬಹುದು. ಅದು ಬಂದದ್ದು ಈ ಪಟ್ಟಿಯಲ್ಲಲ್ಲ, ಉತ್ತರದ ಜಾಗದಲ್ಲಿ. ನಾಡೆಲ್ಲ ಸಿಟ್ಟಾಯಿತು. ಕಂಪನಿ ಅದನ್ನು ತೆಗೆದು ಕ್ಷಮೆ ಕೇಳಿತು. ಕನ್ನಡದ ಪರವಾಗಿ ಕೇಳಲು ಕೋಟಿಗಟ್ಟಲೆ ಜನರಿದ್ದರು. ಭಟ್ಟಿಯವರ ಪರವಾಗಿ ಕೇಳುವವರು ಯಾರು?

ಹಿಂಸೆ, ಅಶ್ಲೀಲ, ದ್ವೇಷದ ಸಾಲುಗಳನ್ನು ಪಟ್ಟಿಯಿಂದ ತೆಗೆಯುವ ನಿಯಮ ಗೂಗಲ್‌ಗೆ ಇದೆ. ಹೆಸರು ಕೆಡಿಸುವ ಸಾಲಿನ ಬಗ್ಗೆ ದೂರು ಬಂದಮೇಲೆ ಸುಮ್ಮನೆ ಕೂರುವಂತಿಲ್ಲ ಎಂದು 2013ರಲ್ಲೇ ಜರ್ಮನಿಯ ದೊಡ್ಡ ಕೋರ್ಟ್ ಹೇಳಿತ್ತು. ಕಂಪ್ಯೂಟರಿನಲ್ಲಿ ಪಟ್ಟಿಯ ಅಡಿಯಲ್ಲೇ ದೂರು ಕೊಡುವ ದಾರಿ ಇದೆ. ನಮ್ಮ ಭಟ್ಟಿಗಳ ಕಡೆ ಅದು ಗೊತ್ತಿರುವ ಒಬ್ಬರೂ ನನಗೆ ಸಿಕ್ಕಿಲ್ಲ. ನಿಮ್ಮ ಪತ್ರಿಕೆ ಇದರ ಬಗ್ಗೆ ಚಿತ್ರ ಸಮೇತ ಬರೆದರೆ ನಮ್ಮಂಥವರಿಗೆ ದೊಡ್ಡ ಉಪಕಾರ.

‘ಇವು ಬೇರೆಯವರು ಹುಡುಕಿದ ಮಾತುಗಳು’ ಎಂದು ಪಟ್ಟಿಯ ಮೇಲೆ ಕನ್ನಡದಲ್ಲಿ ಒಂದು ಸಾಲು ಹಾಕಲಿ ಎಂದು ಹುಡುಕಾಟದ ಕಂಪನಿಗಳಿಗೂ ಕೇಳುತ್ತೇನೆ. ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗಳು ಇಲ್ಲಿನ ಭಟ್ಟಿಗಳಿಂದ ಮಂಡಕ್ಕಿ ಒಯ್ದು ಪರೀಕ್ಷೆ ಮಾಡಿಸಲಿ. ಏನು ಬಂತೋ ಅದನ್ನು ಕನ್ನಡದಲ್ಲೇ ಪ್ರಕಟಿಸಲಿ. ಆಗ ‘ಮಂಡಕ್ಕಿ ಯೂರಿಯಾ’ ಎಂದು ಹುಡುಕಿದವರಿಗೆ ಓದಲು ಒಂದು ಸರಿಯಾದ ಉತ್ತರವಾದರೂ ಸಿಗುತ್ತದೆ. ಮೊದಲ ಚೀಲ ನನ್ನ ಭಟ್ಟಿಯದ್ದೇ ಆಗಲಿ.

– ಮಂಡಕ್ಕಿ ಭಟ್ಟಿಯವ, ದಾವಣಗೆರೆ