ಹತ್ತು ಹೆಸರಿನ ಹಕ್ಕುಪತ್ರ

ಪ್ರೀತಿಯ ಗೆಳೆಯರೇ,

ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೋರಿಗಳ ಬಗ್ಗೆ ನೀವು ಬರೆದ ಕರಡಿನಲ್ಲಿ ‘ಬ್ರಿಟಿಷರು ಮಾವೋರಿಗಳ ನೆಲ ಕಿತ್ತುಕೊಂಡರು’ ಎಂಬ ಮಾತು ಮೂರು ಸಲ ಬಂದಿದೆ. ಸುಳ್ಳಲ್ಲ. ಆದರೆ ಹೇಗೆ ಕಿತ್ತುಕೊಂಡರು ಅನ್ನುವುದು ಒಮ್ಮೆಯೂ ಬಂದಿಲ್ಲ. ಬಂದೂಕಿನ ಭಾಗವನ್ನು ಬೇಗ ಮುಗಿಸಿ: ದಂಗೆಯೆದ್ದವರ ನೆಲ ಕಸಿಯಲು ಬಂದ 1863ರ ಕಾಯ್ದೆಯಡಿ ವೈಕಾಟೊ ಸೀಮೆಯಲ್ಲಿ ಸುಮಾರು 12 ಲಕ್ಷ ಎಕರೆ ಮುಟ್ಟುಗೋಲಾಯಿತು, ದಂಗೆಯೇಳದವರ ಜಮೀನೂ ಜೊತೆಗೇ ಹೋಯಿತು. ಉಳಿದ ಪುಟಗಳನ್ನು, ಮಾವೋರಿ ನೆಲ ಯಾರದೆಂದು ತೀರ್ಮಾನಿಸಿ ಹಕ್ಕುಪತ್ರ ಕೊಡುತ್ತಿದ್ದ ಮೂಲನಿವಾಸಿ ಭೂ ನ್ಯಾಯಾಲಯಕ್ಕೆ ಕೊಡಿ.

ಕುಲದ ಒಬ್ಬನೇ ಅರ್ಜಿ ಹಾಕಿದರೂ ಸಾಕು, ಉಳಿದವರೆಲ್ಲ ಕೋರ್ಟಿಗೆ ಬರಲೇಬೇಕು. ಬರದಿದ್ದರೆ ಹಕ್ಕಿಲ್ಲ. ವಿಚಾರಣೆ ಬಹಳ ಸಲ ದೂರದ ಪೇಟೆಯಲ್ಲಿ, ವಾರಗಟ್ಟಲೆ. ಸರ್ವೆ ಖರ್ಚು, ಕೋರ್ಟ್ ಶುಲ್ಕ, ಊಟ-ವಸತಿ ಎಲ್ಲವೂ ಸಾಲ. ಅದನ್ನು ತೀರಿಸಲು ಗೆದ್ದ ಜಮೀನನ್ನೇ ಮಾರಬೇಕು. ಗೆದ್ದವರೂ ಸೋತದ್ದು ಹೀಗೆ.

1865ರ ಕಾಯ್ದೆ ಪ್ರಕಾರ 5,000 ಎಕರೆಗಿಂತ ಸಣ್ಣ ಜಮೀನಿನ ಹಕ್ಕುಪತ್ರದಲ್ಲಿ ಹತ್ತಕ್ಕಿಂತ ಹೆಚ್ಚು ಹೆಸರಿಗೆ ಜಾಗವಿರಲಿಲ್ಲ. ಆ ಹತ್ತು ಮಂದಿ ತಮ್ಮೆಲ್ಲರ ಪರವಾಗಿ ನಿಂತಿದ್ದಾರೆಂದು ಕುಲ ನಂಬಿತ್ತು; ಕಾನೂನಿಗೆ ಅವರೇ ಪೂರ್ಣ ಒಡೆಯರು. 1873ರಲ್ಲಿ ಎಲ್ಲರ ಹೆಸರೂ ಬರೆಯುವ ನಿಯಮ ಬಂತು. ಇದನ್ನು ಸುಧಾರಣೆ ಎಂದು ಬರೆದು ಮುಂದೆ ಹೋಗಬೇಡಿ. ಪಾಲುಗಳು ಬಿಡಿಬಿಡಿಯಾದವು, ಕೊಳ್ಳುವವನು ಒಬ್ಬೊಬ್ಬರನ್ನೇ ಹಿಡಿದು ಸಹಿ ಹಾಕಿಸಿಕೊಳ್ಳಬಹುದಾಯಿತು. ಎಲ್ಲರೂ ಒಟ್ಟಾಗಿ ‘ಕೊಡುವುದಿಲ್ಲ’ ಎನ್ನುವ ದಾರಿಯೇ ಮುಚ್ಚಿತು. ಮಾರದೆ ಉಳಿದದ್ದು ತಲೆಮಾರುಗಳಲ್ಲಿ ಚೂರುಚೂರಾಗಿ ಉಳುಮೆಗೂ ಬಾರದಾಯಿತು.

ಮಾವೋರಿ ಭಾಷೆಯಲ್ಲಿ ‘ಫೆನುವಾ’ ಎಂದರೆ ನೆಲ. ಮಗುವಿನ ಜೊತೆ ಬರುವ ಮಾಸೂ ಹೌದು. ಆ ಮಾಸನ್ನು ಹಿರಿಯರ ನೆಲದಲ್ಲಿ ಹೂಳುತ್ತಾರೆ. ಇದನ್ನು ಬರೆದು, ಪಕ್ಕದಲ್ಲೇ ಆ ಹತ್ತು ಹೆಸರಿನ ಪತ್ರವನ್ನು ಇಡಿ. ವಿವರಣೆ ಬೇಡ.

ನ್ಯಾಯಾಲಯದ ನಡಾವಳಿ ಪುಸ್ತಕಗಳನ್ನು ಓದುವಾಗ ಎಚ್ಚರ. ಅಲ್ಲಿ ಹಿರಿಯರು ಒಪ್ಪಿಸಿದ ವಂಶಾವಳಿಗಳನ್ನು ಇಂದಿಗೂ ಮರಿಮಕ್ಕಳು ಹುಡುಕಿ ಓದುತ್ತಾರೆ, ಆದರೆ ಅವು ಎದುರಾಳಿಯ ಮುಂದೆ ಹೇಳಿದ ಸಾಕ್ಷ್ಯ. ಎರಡು ಕಡೆ ನೆಂಟಸ್ತಿಕೆ ಇದ್ದವರು ಒಂದನ್ನೇ ಒತ್ತಿ ಹೇಳಬೇಕಾಗುತ್ತಿತ್ತು. ಬ್ರಿಟಿಷ್ ಆಳ್ವಿಕೆ ಶುರುವಾದ 1840ರಲ್ಲಿ ಯಾರ ಕೈಯಲ್ಲಿತ್ತೋ ಅವರದೇ ನೆಲ ಎಂದು ಕೋರ್ಟು ಹಿಡಿದದ್ದರಿಂದ, ಕಾಲಕಾಲಕ್ಕೆ ಸರಿಯುತ್ತಿದ್ದ ಗಡಿಗಳು ಆ ಇಸವಿಗೇ ಕಟ್ಟುಬಿದ್ದವು. ಸೋತವರ ಸಾಕ್ಷ್ಯವನ್ನೂ ತಪ್ಪದೆ ಓದಿ.

ಕೊನೆಯದಾಗಿ, ‘ಹಪೂ’ವನ್ನು ನೀವು ‘ಉಪಜಾತಿ’ ಎಂದು ಕನ್ನಡಿಸಿದ್ದೀರಿ. ನಮ್ಮ ಓದುಗರಿಗೆ ಅದು ಬೇರೆಯೇ ಅರ್ಥ ಕೊಡುತ್ತದೆ. ಒಂದೇ ನೆಲ ಹಂಚಿಕೊಂಡು ಬಾಳುವ ಬಳಗ ಅದು, ಒಬ್ಬರು ಎರಡು ಮೂರು ಹಪೂಗಳಿಗೆ ಸೇರಿರಬಹುದು. ಪದವನ್ನು ಹಾಗೆಯೇ ಉಳಿಸಿಕೊಂಡು, ‘ನೆಲ ಕಿತ್ತುಕೊಂಡರು’ ಎನ್ನುವ ಆ ಮೂರು ವಾಕ್ಯಗಳನ್ನು ತೆಗೆದು ಮತ್ತೆ ಕಳಿಸಿ.