ಅಟ್ಟದ ಮೇಲಿನ ಕಾಗದ ಉಳಿಯಲಿ

ಮಾನ್ಯರೇ,

ನರಗುಂದ ಬಂಡಾಯದ ನಾಡಿನ ಹಳೇ ಮನೆತನಗಳ ಕಾಗದಪತ್ರಗಳು ಅಟ್ಟದ ಮೇಲೆಯೇ ಗೆದ್ದಲು ಪಾಲಾಗುತ್ತಿವೆ.

1858ರ ಆ ಬಂಡಾಯದ ಬೇರು ಒಂದು ಮನೆಯ ನೋವಿನಲ್ಲಿತ್ತು. ವಾರಸುದಾರನಿಲ್ಲದ ನರಗುಂದದ ಅರಸ ಬಾಬಾಸಾಹೇಬರಿಗೆ ದತ್ತು ತೆಗೆದುಕೊಳ್ಳಲು ಬ್ರಿಟಿಷರು ಬಿಡಲಿಲ್ಲ. ಮುಂದೆ ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ ಹತ್ಯೆ, ಕೋಟೆಯ ಪತನ, ಬೆಳಗಾವಿಯಲ್ಲಿ ಬಾಬಾಸಾಹೇಬರಿಗೆ ಗಲ್ಲು. ಇದಿಷ್ಟು ಎಲ್ಲರಿಗೂ ಗೊತ್ತು. ಅವರ ತಾಯಿ ಮತ್ತು ಹೆಂಡತಿ ಮಲಪ್ರಭೆಯಲ್ಲಿ ಪ್ರಾಣ ಬಿಟ್ಟ ಸಂಗತಿ ಮಾತ್ರ ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಆ ಇಬ್ಬರು ಹೆಂಗಸರು ಕೊನೆಯ ದಿನ ಏನು ಮಾತಾಡಿಕೊಂಡರೋ! ಉಳಿದ ಮನೆಗಳ ಕತೆಯಂತೂ ಒಂದು ಸಾಲಿಗೂ ಬರಲಿಲ್ಲ.

ಕಳೆದ ದೀಪಾವಳಿಗೆ ಅಟ್ಟ ಗುಡಿಸುವಾಗ ನಮ್ಮ ಅಜ್ಜಿಯ ತಗಡಿನ ಪೆಟ್ಟಿಗೆ ಸಿಕ್ಕಿತು. ಒಳಗೆ ಕೆಂಪು ಅರಿವೆಯಲ್ಲಿ ಸುತ್ತಿದ, ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯ ಕಾಗದಗಳು. ಮುಟ್ಟಿದರೆ ಹಪ್ಪಳದಂತೆ ಮುರಿದವು. ಓದಲು ಮನೆಯಲ್ಲಿ ಯಾರಿಗೂ ಬಾರದು. ನಮ್ಮ ಓಣಿಯಲ್ಲೇ ಒಬ್ಬರು ಇಂಥದ್ದೇ ಕಟ್ಟನ್ನು ಸುಮ್ನೆ ರದ್ದಿಗೆ ಹಾಕಿದ್ದರಂತೆ. ಕೇಳಿ ಹೊಟ್ಟೆ ಉರಿಯಿತು. ಮೋಡಿ ಓದಬಲ್ಲ ಹಿರಿಯರೂ ಈಗ ಬೆರಳೆಣಿಕೆಯಷ್ಟೇ ಅಲ್ವಾ?

ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ ಮತ್ತು ಗದಗ ಜಿಲ್ಲಾಡಳಿತ ಸೇರಿ ನರಗುಂದ, ಮುಂಡರಗಿಗಳಲ್ಲಿ ಎರಡೆರಡು ದಿನದ ಶಿಬಿರ ನಡೆಸಲಿ. ಮೋಡಿ ಬಲ್ಲವರನ್ನು ಕರೆತರಲಿ. ಕಾಗದ ಮನೆಯವರ ಬಳಿಯೇ ಇರಲಿ, ಫೋಟೊ ತೆಗೆದುಕೊಂಡರೆ ಸಾಕು. ಜೊತೆಗೆ ಹಿರಿಯರು ಹೇಳುವ ಮನೆತನದ ಕತೆಗಳನ್ನೂ ಧ್ವನಿಮುದ್ರಿಸಿಕೊಳ್ಳಲಿ. ಜಾಸ್ತಿ ಖರ್ಚಿನ ಕೆಲಸವೇನಲ್ಲ, ಬರುವ ಮಳೆಗಾಲಕ್ಕೆ ಮೊದಲೇ ಆಗಬೇಕು.

– ಓದುಗ, ನರಗುಂದ